ಹಾಲು ಬಗ್ಗಿಸುವವಳ ಹಿಂದಿನ ಗೋಡೆ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮುಂದಿನ ವಾರ ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತೀಯ, ರೈಕ್ಸ್‌ಮ್ಯೂಸಿಯಂ ನೋಡಲು ಒಂದೇ ದಿನ ಸಿಗುತ್ತೆ ಅಂತ ನಿಮ್ಮಮ್ಮ ಹೇಳಿದಳು. ಒಂದು ದಿನ ಧಾರಾಳ ಸಾಕು. ಆದರೆ ಎಲ್ಲವನ್ನೂ ನೋಡಿ ಮುಗಿಸುತ್ತೇನೆ ಅಂತ ಹೊರಡಬೇಡ ಮಗಳೇ.

ಮೊದಲ ಸಲ ನಾನು ಅದೇ ತಪ್ಪು ಮಾಡಿದೆ. ಟಿಕೆಟ್ ದುಡ್ಡು ವಸೂಲಾಗಬೇಕು ಅಂತ ಕೋಣೆಯಿಂದ ಕೋಣೆಗೆ ಓಡಿದೆ. ಕಂಡದ್ದಕ್ಕೆಲ್ಲ ಫೋಟೋ. ರಾತ್ರಿ ಮಲಗಿ ಕಣ್ಣು ಮುಚ್ಚಿದರೆ ಒಂದು ಚಿತ್ರವೂ ಎದುರಿಗೆ ಬರಲಿಲ್ಲ. ತುಂಬಾ ಬೇಜಾರಾಯಿತು. ಎರಡು ದಿನ ಬಿಟ್ಟು ಒಬ್ಬಳೇ ಮತ್ತೆ ಹೋದೆ.

ಎರಡನೇ ಮಹಡಿಯ ಉದ್ದ ಹಜಾರದ ತುದಿಯಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ ಬರೆದ ‘ನೈಟ್ ವಾಚ್’ ಅನ್ನುವ ದೊಡ್ಡ ಚಿತ್ರ ಇದೆ, 1642ರದ್ದು. ಜನ ಜಾಸ್ತಿ, ಆದರೂ ನೋಡು. 1715ರಲ್ಲಿ ಪುರಭವನದ ಗೋಡೆಯ ಅಳತೆಗೆ ಹೊಂದಲಿಲ್ಲ ಅಂತ ಅದರ ನಾಲ್ಕೂ ಅಂಚು ಕತ್ತರಿಸಿಬಿಟ್ಟರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ಹಜಾರದಲ್ಲಿ ಅದೇ ಕಾಲದ ಇನ್ನೊಬ್ಬ ಡಚ್ ಚಿತ್ರಕಾರ ವರ್ಮೀರ್ ಬರೆದ ಹಾಲು ಬಗ್ಗಿಸುವ ಹೆಂಗಸಿದ್ದಾಳೆ. ಚಿತ್ರ ಒಂದೂವರೆ ಅಡಿ ಎತ್ತರ, ಅಷ್ಟೇ. ನೀನು ನಿಲ್ಲಬೇಕಾದ್ದು ಅಲ್ಲಿ. ಅಡುಗೆಮನೆಯ ಕೆಲಸದಾಕೆ ಅವಳು. ಒಂದು ಕೈ ಜಗ್ಗಿನ ಹಿಡಿಯಲ್ಲಿ, ಇನ್ನೊಂದು ಅದರ ಅಡಿಯಲ್ಲಿ. ಹಾಲು ದಾರದ ಎಳೆಯ ಹಾಗೆ ಸಣ್ಣಗೆ ಇಳಿಯುತ್ತಿದೆ. ಚೆಲ್ಲದಂತೆ ಬಗ್ಗಿಸುವಾಗ ನಮ್ಮ ಕೈಗೂ ಅದೇ ಎಚ್ಚರ ಬರುತ್ತೆ, ಅಲ್ವಾ? ಅವಳ ಏಪ್ರನ್ನಿನ ನೀಲಿ, ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ಮಾಡಿದ ಬಣ್ಣ. ಕಲ್ಲು ಅಫ್ಘಾನಿಸ್ತಾನದ ಕಡೆಯಿಂದ ಬರಬೇಕು, ಭಾರಿ ದುಬಾರಿ. ಅಂಥ ಬಣ್ಣವನ್ನು ಕೆಲಸದಾಕೆಯ ಬಟ್ಟೆಗೆ ಬಳಿದಿದ್ದಾನೆ. ನನಗೆ ಅವನ ಮೇಲೆ ಗೌರವ ಹುಟ್ಟಿದ್ದೇ ಅಲ್ಲಿ.

ಆಮೇಲೆ ಅವಳ ತಲೆಯ ಹಿಂದಿನ ಬೋಳು ಗೋಡೆ ನೋಡು. ಮೊದಲು ಅಲ್ಲಿ ಜಗ್ಗುಗಳನ್ನು ತೂಗುಹಾಕುವ ಹಲಗೆ ಬರೆಯಲು ಹೊರಟಿದ್ದ. ಮ್ಯೂಸಿಯಂನವರು ಸ್ಕ್ಯಾನ್ ಮಾಡಿದಾಗ ಬಣ್ಣದ ಅಡಿಯಲ್ಲಿ ಅದು ಕಂಡಿತು. 2022ರಲ್ಲಿ ಈ ಸುದ್ದಿ ಹೊರಬಂತು. ಜಗ್ಗು, ಹಲಗೆ ಎಲ್ಲ ಮುಚ್ಚಿಹಾಕಿದವನು ಗೋಡೆಗೆ ಹೊಡೆದ ಮೊಳೆಯನ್ನು ಮಾತ್ರ ಬಿಡದೆ ಬರೆದ. ಆ ಮೊಳೆಗೆ ಪುಟ್ಟ ನೆರಳೂ ಇದೆ! ನನ್ನ ಕಣ್ಣಿಗೆ ಅದು ಬಿದ್ದಿದ್ದು ಇಪ್ಪತ್ತು ನಿಮಿಷ ನಿಂತ ಮೇಲೆ. ಅಲ್ಲಿಂದ ಮುಂದೆ ಬೇರೆ ಚಿತ್ರಗಳನ್ನೂ ಹಾಗೇ ನಿಂತು ನೋಡುವುದು ಕಲಿತೆ.

ಬೆಳಿಗ್ಗೆ 9ಕ್ಕೆ ಬಾಗಿಲು ತೆಗೆಯುತ್ತಾರೆ. ಆ ಹೊತ್ತಿನ ಟಿಕೆಟನ್ನೇ ಆನ್‌ಲೈನಿನಲ್ಲಿ ತಗೊ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಹೊಟ್ಟೆ ತುಂಬ ತಿಂಡಿ ತಿಂದು ಹೋಗು, ಹಸಿದರೆ ಮನಸ್ಸು ನಿಲ್ಲುವುದಿಲ್ಲ.

ನನಗೆ ಫೋಟೋ ಕಳಿಸಬೇಡ. ಆ ಗೋಡೆಯಲ್ಲಿ ಮೊಳೆ ಕಿತ್ತ ತೂತುಗಳೂ ಇವೆ. ನಿನಗೆ ಎಷ್ಟು ಕಂಡವು ಅಂತ ಸಂಜೆ ಫೋನ್ ಮಾಡಿ ಹೇಳು, ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ