ಭಾನುವಾರ ರುಬಿಡಿಯಂ ಆಸಿಲೇಟರ್ ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಸೆಕೆಂಡ್ ಹ್ಯಾಂಡ್ ಎಫ್‌ಇ-5680ಎ ರುಬಿಡಿಯಂ ಆಸಿಲೇಟರ್‌ಗಳನ್ನು (ರುಬಿಡಿಯಂ ಪರಮಾಣುಗಳ ಆಧಾರದಲ್ಲಿ ಬಹಳ ನಿಖರವಾದ ಆವರ್ತನ ಕೊಡುವ ಸಾಧನ) ಜಿಪಿಎಸ್ ಸಮಯ ಸಂಕೇತದ ಜೊತೆ ಹೋಲಿಸಿ ನೋಡೋಣ.

15 ವೋಲ್ಟ್, 3 ಆಂಪ್ ಸಪ್ಲೈ ತನ್ನಿ. ಶುರುವಿನಲ್ಲಿ ಒಳಗಿನ ರುಬಿಡಿಯಂ ದೀಪ, ಸೆಲ್ (ರುಬಿಡಿಯಂ ಆವಿಯ ಗಾಜಿನ ಕೋಶ) ಬಿಸಿಯಾಗಲು ಸುಮಾರು 2 ಆಂಪ್ ಎಳೆಯುತ್ತದೆ. 1 ಆಂಪ್ ಅಡಾಪ್ಟರ್ ಹಾಕಿದರೆ ವೋಲ್ಟೇಜ್ ಕುಸಿದು ಲಾಕ್ ಆಗುವುದೇ ಇಲ್ಲ, ಅಂದರೆ ಆವರ್ತನ ರುಬಿಡಿಯಂಗೆ ಹೊಂದಿಕೊಂಡು ಸ್ಥಿರವಾಗುವುದಿಲ್ಲ. ದಯವಿಟ್ಟು ಸಪ್ಲೈ ಸಾಕಾಗುತ್ತಿದೆಯೇ ಎಂದು ನೋಡದೆ ಯಾವುದನ್ನೂ ಕೆಟ್ಟಿದೆ ಎಂದು ಗುಜರಿಗೆ ಹಾಕಬೇಡಿ. ಕೆಲವು ಮಾದರಿಗಳಿಗೆ ಪ್ರತ್ಯೇಕ 5 ವೋಲ್ಟ್ ಕೂಡ ಬೇಕು, ಪಿನ್ ಜೋಡಣೆಯೂ ಬೇರೆ ಇರಬಹುದು. ತಳಕ್ಕೆ ಹೀಟ್‌ಸಿಂಕ್ ಕಡ್ಡಾಯ. ಲಾಕ್ ಆದ ಮೇಲೂ ಒಂದು ಗಂಟೆ ಬಿಟ್ಟೇ ಅಳೆಯುವುದು, ಹಾಗಾಗಿ ತಡಮಾಡಬೇಡಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಲೇಬಲ್ಲಿನ ಫೋಟೊ ಇಲ್ಲಿ ಹಾಕಿ. ಕನೆಕ್ಟರ್ ವೈರಿಂಗ್ ಮೊದಲೇ ಮಾಡಿಟ್ಟಿರುತ್ತೇನೆ.