ವರ್ಗಾವಣೆ ಕೇಳಿದವನಿಗೆ ಹೊಸ ನೇಮಕಾತಿಯ ಪತ್ರ ಬಂದಾಗ

ಅಂಧೇರಿ, ಮುಂಬಯಿ

ಪ್ರೀತಿಯ ಗೆಳೆಯ,

ನಿಮ್ಮ ಕಂಪನಿಯ ಬೆಂಗಳೂರು ಕಚೇರಿಯಲ್ಲಿ ಜಾಗವೊಂದು ಖಾಲಿಯಾಗಿದೆಯೆಂದೂ, ತಂದೆತಾಯಿಗೆ ಹತ್ತಿರವಾಗುವ ಆಸೆಯಿಂದ ವರ್ಗಾವಣೆಗೆ ಅರ್ಜಿ ಹಾಕುತ್ತಿದ್ದೀಯೆಂದೂ ಬರೆದಿದ್ದೀಯೆ. ಓದಿ ಮನಸ್ಸಿಗೆ ಹಿತವಾಯಿತು. ಆದರೆ ಅರ್ಜಿ ಹಾಕುವ ಮೊದಲು ನನ್ನ ಅನುಭವವನ್ನು ನೀನು ಪೂರ್ತಿಯಾಗಿ ತಿಳಿದಿರಬೇಕು. ಫೋನಿನಲ್ಲಿ ಹೇಳಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆಂದು ಬರೆಯುತ್ತಿದ್ದೇನೆ.

ನಾನು ಇಲ್ಲಿನ ಲೆಕ್ಕಪತ್ರ ವಿಭಾಗಕ್ಕೆ ಸೇರಿ ನಾಲ್ಕು ವರ್ಷ ಎರಡು ತಿಂಗಳಾಯಿತು. ಹೆಂಡತಿಯ ಕೆಲಸವೂ ಮಗಳ ಶಾಲೆಯೂ ಪುಣೆಯಲ್ಲಿ. ಶುಕ್ರವಾರ ಸಂಜೆ ದಾದರಿನಲ್ಲಿ ಶಿವನೇರಿ ಬಸ್ಸು ಹತ್ತಿ, ಲೋಣಾವಳದ ಘಾಟಿಯ ವಾಹನಸಾಲಿನಲ್ಲಿ ಸಿಕ್ಕಿಕೊಂಡು ಮನೆ ಸೇರುವಷ್ಟರಲ್ಲಿ ಮಗಳು ನಿದ್ದೆಹೋಗಿರುತ್ತಾಳೆ. ಹೀಗಾಗಿ ಪುಣೆಯ ಹಿಂಜವಡಿಯಲ್ಲಿರುವ ನಮ್ಮದೇ ಕಚೇರಿಯ ಹುದ್ದೆಯೊಂದು ಒಳ ಪೋರ್ಟಲ್ಲಿನಲ್ಲಿ ಪ್ರಕಟವಾದ ದಿನವೇ ಅರ್ಜಿ ಹಾಕಿದೆ. ಅದೇ ಹುದ್ದೆಯನ್ನು ಹೊರಗಿನವರಿಗಾಗಿ ಬೇರೊಂದು ಸಂಖ್ಯೆಯಡಿ ಪ್ರಕಟಿಸಿದ್ದು ನನಗೆ ತಿಳಿದಿರಲಿಲ್ಲ. ಸಂದರ್ಶನದ ಹಿಂದಿನ ದಿನ ಬಯೋಡೇಟಾದ ಇನ್ನೊಂದು ಪ್ರತಿ ಬೇಕೆಂದಾಗ, ಅವಸರದಲ್ಲಿ ನನ್ನ ಸ್ವಂತ ಇಮೇಲಿನಿಂದ ಕಳಿಸಿಬಿಟ್ಟೆ. ಎಚ್‌ಆರ್ ವಿಭಾಗದಲ್ಲಿ ಯಾರೋ ಅದನ್ನು ಹೊರಗಿನ ಅಭ್ಯರ್ಥಿಯ ಅರ್ಜಿಯೆಂದು ದಾಖಲಿಸಿದರು. ಗೊಂದಲ ಹುಟ್ಟಿದ್ದು ಅಲ್ಲಿ, ಅದರಲ್ಲಿ ನನ್ನ ಪಾಲೂ ಇದೆ.

ಆಯ್ಕೆಯಾದ ಸುದ್ದಿಯ ಪತ್ರ ಬಂದದ್ದು ಬುಧವಾರ ರಾತ್ರಿ. ಮೊದಲ ಪುಟದಲ್ಲಿ ಅಭಿನಂದನೆಯಿತ್ತು, ಸಂಬಳವಿತ್ತು, ಹಿಂಜವಡಿಯ ವಿಳಾಸವಿತ್ತು. ಅಷ್ಟನ್ನೇ ಓದಿ ಹೆಂಡತಿಗೆ ಫೋನು ಮಾಡಿದೆ. ಅವಳೊಡನೆ ಮಾತಾಡುತ್ತಲೇ ಮೂರನೆಯ ಪುಟಕ್ಕೆ ಬಂದಾಗ ನನ್ನ ದನಿ ನಿಂತಿತು. ಆರು ತಿಂಗಳ ಪ್ರೊಬೇಷನ್ ಎಂದಿತ್ತು. ಅದರ ಕೆಳಗೆ, ಹಿಂದಿನ ಉದ್ಯೋಗದಾತರು ಕೊಟ್ಟ ರಿಲೀವಿಂಗ್ ಪತ್ರವನ್ನು, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ ಪತ್ರವನ್ನು, ಸೇರುವ ದಿನ ಹಾಜರುಪಡಿಸತಕ್ಕದ್ದು ಎಂದಿತ್ತು. ನೌಕರನ ಸಂಖ್ಯೆ ಇರಬೇಕಾದ ಜಾಗ ಖಾಲಿಯಿತ್ತು. ನನ್ನ ಕಂಪನಿಯನ್ನು ಬಿಟ್ಟು ನನ್ನ ಕಂಪನಿಗೇ ಹೊಸಬನಾಗಿ ಸೇರಬೇಕೆಂಬುದು ಅದರ ಅರ್ಥ.

ಲೆಕ್ಕಪತ್ರದವನಾದ್ದರಿಂದ ನಷ್ಟದ ಲೆಕ್ಕ ತಕ್ಷಣವೇ ಕಣ್ಣಿಗೆ ಕಟ್ಟಿತು. ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಕಂಪನಿ ಕೊಡುವ ಹಣಕ್ಕೆ, 1972ರ ಕಾಯ್ದೆಯ ಕಾಲದಿಂದಲೂ ನಮ್ಮಂಥ ಕಾಯಂ ನೌಕರರಿಗೆ ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಬೇಕು. ಸೇವೆಯ ಪ್ರತಿ ವರ್ಷಕ್ಕೆ, ತಿಂಗಳನ್ನು 26 ದಿನವೆಂದು ಹಿಡಿದು, 15 ದಿನಗಳ ವೇತನ ಸಿಗುತ್ತದೆ. ನಾನು ರಾಜೀನಾಮೆ ಕೊಟ್ಟು ಹೊಸದಾಗಿ ಸೇರಿದರೆ ಆ ನಾಲ್ಕು ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಿರೆಂದು ಮುಂದೆ ವಾದ ಮಾಡಬೇಕಾಗುತ್ತಿತ್ತು. ಕೂಡಿಟ್ಟ ರಜೆಗಳ ಗತಿಯೂ ಅಷ್ಟೇ. ಭವಿಷ್ಯನಿಧಿಯ ಯುಎಎನ್ ಎಂಬ ಖಾತೆಸಂಖ್ಯೆ ಕೆಲಸ ಬದಲಿಸಿದರೂ ಹೇಗೂ ಒಂದೇ ಆಗಿರುವುದರಿಂದ ಆ ಚಿಂತೆ ಇರಲಿಲ್ಲ.

ಪಕ್ಕದ ಮೇಜಿನ ಸಹೋದ್ಯೋಗಿ, ಪತ್ರಕ್ಕೆ ಒಪ್ಪಿಗೆ ಕೊಟ್ಟು ರಾಜೀನಾಮೆ ಹಾಕು, ಆಮೇಲೆ ಅವರೇ ಸರಿಪಡಿಸುತ್ತಾರೆ ಎಂದರು. ಅವರ ಮನಸ್ಸು ಒಳ್ಳೆಯದು, ಆದರೆ ಸಲಹೆ ಅಪಾಯದ್ದು. ರಾಜೀನಾಮೆಯನ್ನು ಕಂಪನಿ ಒಪ್ಪಿದ ಮೇಲೆ ಅದನ್ನು ಹಿಂದಕ್ಕೆ ಪಡೆಯುವುದು ನಮ್ಮ ಕೈಯಲ್ಲಿರುವುದಿಲ್ಲ. ನಾನು ಮರುದಿನ ಬೆಳಿಗ್ಗೆ ಮೊದಲು ಹೋದದ್ದು ನನ್ನ ಈಗಿನ ಮ್ಯಾನೇಜರ್ ಬಳಿಗೆ. ಅರ್ಜಿ ಹಾಕುವಾಗಲೇ ಅವರಿಗೆ ತಿಳಿಸಿ ಒಪ್ಪಿಗೆ ಪಡೆದಿದ್ದೆ. ಆ ಒಂದು ಮೇಲ್ ಇಲ್ಲದಿದ್ದರೆ ನಾನು ಕದ್ದು ಕೆಲಸ ಹುಡುಕಿದೆನೆಂದು ಅವರು ಭಾವಿಸಿದ್ದರೂ ತಪ್ಪೆನ್ನುವಂತಿರಲಿಲ್ಲ. ಅವರ ಮುಂದೆಯೇ ಕುಳಿತು ಎಚ್‌ಆರ್‌ಗೆ ಬರೆದೆ: ನಾನು ಇಂಥ ಸಂಖ್ಯೆಯ ಹಾಲಿ ನೌಕರ, ಒಳ ಪ್ರಕಟಣೆಯ ಇಂಥ ಸಂಖ್ಯೆಗೆ ಇಂಥ ದಿನ ಅರ್ಜಿ ಹಾಕಿದ್ದೇನೆ, ಹುದ್ದೆಯನ್ನು ಸಂತೋಷದಿಂದ ಒಪ್ಪುತ್ತೇನೆ, ಆದರೆ ಈ ಪತ್ರದ ಬದಲು ವರ್ಗಾವಣೆಯ ಆದೇಶ ಬೇಕು, ಅದು ಬರುವವರೆಗೆ ಒಪ್ಪಿಗೆಯ ಗಡುವನ್ನು ವಿಸ್ತರಿಸಿ. ಯಾರನ್ನೂ ದೂರಲಿಲ್ಲ.

ಹನ್ನೊಂದು ದಿನ ಹಿಡಿಯಿತು. ನಡುವೆ ಇನ್ನೊಂದು ಎಡವಟ್ಟಾಯಿತು, ಇದನ್ನು ನೀನು ವಿಶೇಷವಾಗಿ ನೆನಪಿಡಬೇಕು. ಹಳೆಯ ಪತ್ರವನ್ನು ರದ್ದುಮಾಡಿದೊಡನೆ, ಅಭ್ಯರ್ಥಿ ಹುದ್ದೆಯನ್ನು ನಿರಾಕರಿಸಿದ್ದಾರೆ ಎಂಬ ಸಂದೇಶ ಪೋರ್ಟಲ್ಲಿನಿಂದ ತಾನಾಗಿಯೇ ಪುಣೆಯ ಮ್ಯಾನೇಜರ್‌ಗೆ ಹೋಯಿತು. ಅವರು ಬೇಸರಗೊಂಡು ಎರಡನೆಯ ಅಭ್ಯರ್ಥಿಯನ್ನು ಕರೆಯುವುದರಲ್ಲಿದ್ದರು. ನಾನು ಅದೃಷ್ಟಕ್ಕೆ ಅಂದೇ ಫೋನು ಮಾಡಿದ್ದರಿಂದ ಉಳಿಯಿತು. ಆದ್ದರಿಂದ ನಿನಗೆ ಇಂಥದ್ದೇನಾದರೂ ಆದರೆ, ಎಚ್‌ಆರ್‌ಗೆ ಬರೆದ ಪ್ರತಿಯೊಂದನ್ನೂ ನೀನು ಸೇರಬೇಕಾದ ತಂಡದ ಮ್ಯಾನೇಜರ್‌ಗೂ ಅದೇ ಮೇಲಿನಲ್ಲಿ ತಿಳಿಸು.

ಕೊನೆಗೆ ಬಂದ ಆದೇಶ ಒಂದೇ ಪುಟದ್ದು. ಅದೇ ನೌಕರ ಸಂಖ್ಯೆ, ಮೊದಲು ಸೇರಿದ ದಿನಾಂಕದಿಂದ ಸೇವೆಯ ಮುಂದುವರಿಕೆ, ಉಳಿದ ರಜೆಗಳ ವರ್ಗಾವಣೆ, ಪ್ರೊಬೇಷನ್ ಇಲ್ಲ. ಈ ನಾಲ್ಕೂ ಬರಹದಲ್ಲಿವೆಯೆಂದು ಎರಡು ಸಲ ಓದಿ ನೋಡಿದ ಮೇಲೆಯೇ ಸಹಿ ಹಾಕಿದೆ. ಮುಂದಿನ ತಿಂಗಳ ಮೊದಲ ಸೋಮವಾರ ಹಿಂಜವಡಿಯಲ್ಲಿ ಹಾಜರಾಗುತ್ತೇನೆ.

ನಿನಗೆ ಪತ್ರ ಬಂದ ದಿನ ಎಲ್ಲ ಪುಟಗಳನ್ನೂ ನನಗೆ ಕಳಿಸು. ರಾತ್ರಿ ಎಷ್ಟು ಹೊತ್ತಾದರೂ ಓದಿ, ಬೆಳಗಾಗುವುದರೊಳಗೆ ಉತ್ತರ ಬರೆಯುತ್ತೇನೆ. ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ