ಆಫ್ ಮಾಡಿದರೂ ನನ್ನ ಸಮಯದಲ್ಲಿ ಯೋಚಿಸುವ ಚೆಸ್ ಆ್ಯಪ್

ಇವರಿಗೆ,
ಗ್ರಾಹಕ ಸೇವಾ ವಿಭಾಗ

ವಿಷಯ: ಪಾಂಡರಿಂಗ್ (ಎದುರಾಳಿಯ ಸರದಿಯಲ್ಲೂ ಯೋಚಿಸುವುದು) ನಿಲ್ಲದಿರುವ ಬಗ್ಗೆ ಎರಡನೇ ದೂರು

ಮಾನ್ಯರೇ,

ನಿಮ್ಮ ಚೆಸ್ ಆ್ಯಪ್‌ಗೆ ದುಡ್ಡು ಕೊಟ್ಟು ಮೂರು ತಿಂಗಳಾಯಿತು. ನನ್ನ ಮೊದಲ ದೂರಿಗೆ ನೀವು ಕೊಟ್ಟ ಉತ್ತರ ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಸೆಟ್ಟಿಂಗ್ಸ್‌ನಲ್ಲಿ 'ಎದುರಾಳಿಯ ಸಮಯದಲ್ಲೂ ಯೋಚಿಸು' ಎಂಬ ಬಟನ್ ಆಫ್ ಮಾಡಿದ್ದೇನೆ. ಆದರೂ ನನ್ನ ಸರದಿಯಲ್ಲಿ ಎಂಜಿನ್ (ನಡೆ ಹುಡುಕುವ ಪ್ರೋಗ್ರಾಂ) ಯೋಚಿಸುತ್ತಲೇ ಇರುತ್ತದೆ. ನಾನು ಗಲ್ಲಕ್ಕೆ ಕೈ ಕೊಟ್ಟು ಬೋರ್ಡ್ ನೋಡುತ್ತಿದ್ದರೆ ಲ್ಯಾಪ್‌ಟಾಪಿನ ಫ್ಯಾನ್ ಭರ್ ಎನ್ನುತ್ತದೆ. ಕಳೆದ ವಾರ ಒಂದೇ ಆಟಕ್ಕೆ ಬ್ಯಾಟರಿ 90ರಿಂದ 52ಕ್ಕೆ ಇಳಿಯಿತು.

ಅನುಮಾನದ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದೇನೆ. ಓಪನಿಂಗ್ ಬುಕ್ (ಮೊದಲೇ ಸಿದ್ಧವಿರುವ ಆರಂಭದ ನಡೆಗಳ ಪಟ್ಟಿ) ಮುಗಿದು ಎಷ್ಟೋ ನಡೆ ಆದ ಮೇಲೆ ಎಂಜಿನ್ ನನ್ನ ಕುದುರೆ ಹೊಡೆಯಿತು. ಒಂದು ನಿಮಿಷ ಕಾದು ತಿರುಗಿ ಹೊಡೆದೆ. ಮಕ್ಕಳೂ ಊಹಿಸುವ ನಡೆ. ಉತ್ತರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂತು. ಅದರ ಗಡಿಯಾರ ಒಂದು ಸೆಕೆಂಡೂ ಕದಲಲಿಲ್ಲ. ಅದೇ ಹಂತಕ್ಕೆ ವಾಪಸ್ ಹೋಗಿ, ಈ ಸಲ ಹೊಡೆಯದೆ ಅಂಚಿನ ಪ್ಯಾದೆಯನ್ನು ಒಂದು ಮನೆ ತಳ್ಳಿದೆ. ಆಗ ಒಂಬತ್ತು ಸೆಕೆಂಡ್ ತೆಗೆದುಕೊಂಡಿತು! ಅಂದರೆ ನನ್ನ ನಡೆಯನ್ನು ಮೊದಲೇ ಊಹಿಸಿ, ಅದನ್ನೇ ಆಡಿಬಿಟ್ಟಿದ್ದೇನೆ ಎಂದುಕೊಂಡು ಮುಂದಿನದನ್ನು ಹುಡುಕುತ್ತಿತ್ತು. ಊಹೆ ಸರಿಯಾದರೆ ನನ್ನ ಇಡೀ ನಿಮಿಷ ಅದಕ್ಕೆ ಲಾಭ. ತಪ್ಪಿದರೆ ಹೊಸ ಹುಡುಕಾಟ ಶುರು, ಆದರೂ ಹ್ಯಾಶ್ ಟೇಬಲ್‌ನಲ್ಲಿ (ಹಿಂದೆ ಲೆಕ್ಕ ಹಾಕಿದ್ದನ್ನು ನೆನಪಿಟ್ಟುಕೊಳ್ಳುವ ಜಾಗ) ಉಳಿದಿದ್ದು ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ. ಗಡಿಯಾರ ಇಬ್ಬರಿಗೂ 15 ನಿಮಿಷ ಎನ್ನುತ್ತದೆ. ಅದಕ್ಕೆ ಸಿಗುವುದು ಜಾಸ್ತಿ, ಅಲ್ವಾ?

ಪಾಂಡರಿಂಗ್ ಮೋಸ ಎನ್ನುತ್ತಿಲ್ಲ. ಎದುರಾಳಿ ಯೋಚಿಸುವಾಗ ನಾನೂ ಯೋಚಿಸುತ್ತೇನೆ (ಅರ್ಧ ಹೊತ್ತು ಬೇರೇನೋ ಯೋಚನೆ, ಅದು ಬೇರೆ ಮಾತು). ಬೇಡ ಎಂದಾಗ ನಿಲ್ಲಬೇಕು, ಅಷ್ಟೇ.

'ಎಂಜಿನ್ ಬೇರೆಯವರದು, ಅದರ ಸ್ವಭಾವವೇ ಹಾಗೆ' ಎಂದು ಬರೆದಿದ್ದೀರಿ. ಇದು ಸರಿಯಲ್ಲ. ನಿಮ್ಮ ಆ್ಯಪ್ ಎಂಜಿನ್ ಜೊತೆ ಮಾತಾಡುವುದು 2000ದಲ್ಲಿ ಬಂದ ಯುಸಿಐ ಎಂಬ ನಿಯಮದಂತೆ; ಚೆಸ್ ಆ್ಯಪ್ ಮತ್ತು ಎಂಜಿನ್ ಪರಸ್ಪರ ಹೇಗೆ ಸಂದೇಶ ಕಳಿಸಬೇಕು ಎಂದು ಹೇಳುವ ನಿಯಮ ಅದು. ಅದರಲ್ಲಿ ಎಂಜಿನ್ ತನ್ನ ನಡೆಯ ಜೊತೆಗೆ, ನಾನು ಆಡಬಹುದಾದ ನಡೆಯನ್ನೂ ತಿಳಿಸಬಹುದು. ಅದರ ಮೇಲೆ ಹುಡುಕು ಎಂದು 'ಗೋ ಪಾಂಡರ್' ಆದೇಶ ಕೊಡುವುದು ಆ್ಯಪ್. ನಾನು ಊಹೆಯಂತೆ ಆಡಿದರೆ 'ಪಾಂಡರ್‌ಹಿಟ್', ಇಲ್ಲದಿದ್ದರೆ 'ಸ್ಟಾಪ್' ಎನ್ನುವುದೂ ಆ್ಯಪ್. ಪಾಂಡರ್ ಎಂಬ ಆಯ್ಕೆ ಇರುವುದು ಎಂಜಿನ್ ತನ್ನ ಸಮಯದ ಲೆಕ್ಕ ಬದಲಿಸಿಕೊಳ್ಳಲಿ ಎಂದು. ತಾನಾಗಿ ಶುರು ಮಾಡಬಾರದು ಎಂದು ನಿಯಮದಲ್ಲೇ ಬರೆದಿದೆ. ನಿಮ್ಮ ಬಟನ್ ಆ ಆಯ್ಕೆಯನ್ನು ಮಾತ್ರ ಆಫ್ ಮಾಡುತ್ತಿದೆ, ಆದೇಶ ಹೋಗುತ್ತಲೇ ಇದೆ. ಇಬ್ಬರ ನಡುವಿನ ಸಂದೇಶಗಳ ದಾಖಲೆಯಾದ ಲಾಗ್ ಫೈಲ್ ಲಗತ್ತಿಸಿದ್ದೇನೆ. ಎಂಜಿನ್ ಆಡಿದ ಪ್ರತಿ ನಡೆಯ ಕೆಳಗೆ 'ಗೋ ಪಾಂಡರ್' ಸಾಲು ಇದೆ.

ಎರಡು ಎಂಜಿನ್‌ಗಳನ್ನು ಆಡಿಸಿದರೂ ಇದೇ ಕಥೆ. ಒಂದೇ ಪ್ರೊಸೆಸರ್‌ನಲ್ಲಿ ಒಂದರ ಸರದಿಯಲ್ಲಿ ಇನ್ನೊಂದು ಹುಡುಕುತ್ತಾ ಕೂತರೆ, ಆ ಫಲಿತಾಂಶ ನಂಬುವುದು ಹೇಗೆ?

ಮುಂದಿನ ಅಪ್‌ಡೇಟ್‌ನಲ್ಲಿ ಇದನ್ನು ಸರಿಪಡಿಸಿ. ಆಗುವುದಿಲ್ಲ ಎಂದಾದರೆ ಆ ಬಟನ್ ತೆಗೆದುಹಾಕಿ, ನನ್ನ ಹಣ ವಾಪಸ್ ಕೊಡಿ. ದಯವಿಟ್ಟು ಈ ಸಲ ಲಾಗ್ ನೋಡಿದವರೇ ಉತ್ತರ ಬರೆಯಲಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಲಾಗ್ ಫೈಲ್, ಹಣ ಪಾವತಿಯ ರಸೀದಿ